ಫೋಬೋಸ್: ಚಿತ್ರವೂ ಅಡಿಬರಹವೂ

ಚಿಕ್ಕಮಗಳೂರು ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಿಗೆ ಒಂದೊಂದು ಚುಕ್ಕೆ ಇಡಿ. ಚುಕ್ಕೆಗಳನ್ನು ಅಡಿಕೋಲಿನಿಂದ ಸೇರಿಸಿದರೆ ಒಂದು ತ್ರಿಭುಜ ಸಿಗುತ್ತದೆ. ರಸ್ತೆಯ ಸುತ್ತುಬಳಸು ಬಿಟ್ಟು ನೇರ ಗೆರೆಯಲ್ಲಿ ಅಳೆದರೆ ಕಡೂರಿನಿಂದ ತರೀಕೆರೆಗೆ ಸುಮಾರು 28 ಕಿ.ಮೀ.; ಕಡೂರಿನಿಂದ ಅಜ್ಜಂಪುರಕ್ಕೂ ಅಜ್ಜಂಪುರದಿಂದ ತರೀಕೆರೆಗೂ ಸುಮಾರು 20 ಕಿ.ಮೀ. ಮಂಗಳ ಗ್ರಹದ ಎರಡು ಉಪಗ್ರಹಗಳಲ್ಲಿ ದೊಡ್ಡದಾದ ಫೋಬೋಸಿನ ಅಳತೆ 27, 22, 18 ಕಿ.ಮೀ. ಅದನ್ನು ಎತ್ತಿ ತಂದು ಇಲ್ಲಿ ಇಟ್ಟರೆ ಒಂದು ತುದಿ ಕಡೂರಿನ ಮೇಲೆ, ಇನ್ನೊಂದು ತುದಿ ತರೀಕೆರೆಯ ಮೇಲೆ ಕೂತು, ಪಕ್ಕೆ ಅಜ್ಜಂಪುರದತ್ತ ಚಾಚಿಕೊಳ್ಳುತ್ತದೆ. ಎತ್ತರ ಮಾತ್ರ ನಮ್ಮ ಮುಳ್ಳಯ್ಯನಗಿರಿಯನ್ನು ಒಂಬತ್ತು ಬಾರಿ ಒಂದರ ಮೇಲೊಂದು ಪೇರಿಸಿದಷ್ಟು.

ಈ ಹೋಲಿಕೆ ನನಗೆ ಹೊಳೆದದ್ದು ತರೀಕೆರೆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿನ ಗೋಡೆಪತ್ರಿಕೆಯಲ್ಲಿ ಮಂಗಳಯಾನ ತೆಗೆದ ಫೋಬೋಸ್ ಚಿತ್ರದ ಪತ್ರಿಕಾ ತುಣುಕನ್ನು ಮಕ್ಕಳು ಅಂಟಿಸಿದ್ದರು. ಕೆಳಗೆ ಅಡಿಬರಹ. ಅದರಲ್ಲಿ ಸ್ಟಿಕ್ನಿ, ಶ್ಕ್ಲೋವ್‌ಸ್ಕಿ, ರೋಶ್, ಗ್ರಿಲ್ಡ್ರಿಗ್ ಎಂಬ ಕುಳಿಗಳು ಚಿತ್ರದಲ್ಲಿ ಕಾಣುತ್ತವೆ ಎಂದಿತ್ತು. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸ್ಟಿಕ್ನಿ ಅಂದರೆ ಏನು ಸಾರ್, ಕಲ್ಲಿನ ಹೆಸರಾ?" ಪಕ್ಕದಲ್ಲಿದ್ದ ಶಿಕ್ಷಕರಿಗೂ ಗೊತ್ತಿರಲಿಲ್ಲ. ತಪ್ಪು ಅವರದ್ದಲ್ಲ, ಅಡಿಬರಹ ಹೇಳಿದ್ದರೆ ತಾನೆ ಗೊತ್ತಾಗುವುದು?

ಪುಸ್ತಕವನ್ನು, ನಾಟಕವನ್ನು ವಿಮರ್ಶಿಸುತ್ತೇವೆ. ವಿಜ್ಞಾನದ ಒಂದು ಚಿತ್ರವನ್ನೂ ಅದರ ಕೆಳಗಿನ ನಾಲ್ಕು ಸಾಲನ್ನೂ ಹಾಗೆ ವಿಮರ್ಶಿಸುವ ರೂಢಿ ನಮ್ಮಲ್ಲಿ ಇಲ್ಲ. ಆದರೆ ನಮ್ಮ ಬಹುಪಾಲು ಓದುಗರು ಬಾಹ್ಯಾಕಾಶ ವಿಜ್ಞಾನದ ಬಗ್ಗೆ ಓದುವುದು ಆ ನಾಲ್ಕು ಸಾಲನ್ನೇ. ಪಠ್ಯಪುಸ್ತಕ ಮಂಗಳಕ್ಕೆ ಎರಡು ಉಪಗ್ರಹಗಳಿವೆ ಎಂದು ಹೇಳಿ ಶನಿಗೆ ಹಾರುತ್ತದೆ. ಹಾಗಾಗಿ ಈ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಚಿತ್ರದ ಜಾತಕ. ಮಂಗಳಯಾನ 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಅದರ ಮಾತನ್ನು ಕೇಳಿಸಿಕೊಳ್ಳುತ್ತಿದ್ದುದು ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳುವಿನ 32 ಮೀಟರ್ ವ್ಯಾಸದ ಆಂಟೆನಾ. 2020ರ ಜುಲೈ 1ರಂದು, ಮಂಗಳದಿಂದ ಸುಮಾರು 7,200 ಕಿ.ಮೀ. ಹಾಗೂ ಫೋಬೋಸಿನಿಂದ ಸುಮಾರು 4,200 ಕಿ.ಮೀ. ದೂರದಲ್ಲಿದ್ದಾಗ, ನೌಕೆಯ ವರ್ಣ ಕ್ಯಾಮೆರಾ ಈ ಚಿತ್ರವನ್ನು ತೆಗೆಯಿತು. ಇದು ಒಂದೇ ಕ್ಲಿಕ್ಕಿನ ಚಿತ್ರವಲ್ಲ. ಆರು ಬಿಡಿ ಚೌಕಟ್ಟುಗಳನ್ನು ಜೋಡಿಸಿ, ಬಣ್ಣ ತಿದ್ದಿ ಸಿದ್ಧಪಡಿಸಿದ್ದು. ಪೃಥಕ್ಕರಣ 210 ಮೀಟರ್. ಇಷ್ಟನ್ನೂ ಇಸ್ರೋ ತನ್ನ ಪ್ರಕಟಣೆಯಲ್ಲಿ ಹೇಳಿತ್ತು. ಪತ್ರಿಕೆಗಳಿಗೆ ಬರುವಾಗ ದೂರದ ಅಂಕಿಗಳು ಉಳಿದವು, 210 ಮೀಟರ್ ಎಂಬುದು ಹಲವೆಡೆ ಉದುರಿಹೋಯಿತು. ನನ್ನ ಮಟ್ಟಿಗೆ ಆ ಪ್ರಕಟಣೆಯಲ್ಲಿದ್ದ ಅತಿ ಮುಖ್ಯ ಅಂಕಿ ಅದೇ.

ಏಕೆಂದು ನಮ್ಮ ತ್ರಿಭುಜದಲ್ಲೇ ನೋಡಬಹುದು. ಚಿತ್ರದ ಒಂದು ಬಿಂದು 210 ಮೀಟರ್ ನೆಲವನ್ನು ಪ್ರತಿನಿಧಿಸುತ್ತದೆ ಎಂದರೆ, ಅದೇ ಕ್ಯಾಮೆರಾ ಅಷ್ಟೇ ದೂರದಿಂದ ಕಡೂರು ಸೀಮೆಯನ್ನು ನೋಡಿದ್ದರೆ ಬೀರೂರು ಜಂಕ್ಷನ್ನಿನ ಉದ್ದನೆಯ ಪ್ಲಾಟ್‌ಫಾರಂ ಎರಡು ಮೂರು ಬಿಂದುಗಳಾಗುತ್ತಿತ್ತು. ಅಮೃತಾಪುರದ ಅಮೃತೇಶ್ವರ ದೇವಾಲಯ ಒಂದು ಬಿಂದುವನ್ನೂ ತುಂಬುತ್ತಿರಲಿಲ್ಲ. ಮದಗದ ಕೆರೆಯ ನೀರು ಕಾಣುತ್ತಿತ್ತು, ಏರಿ ಕಾಣುತ್ತಿರಲಿಲ್ಲ. 27 ಕಿ.ಮೀ. ಉದ್ದದ ಫೋಬೋಸ್ ಈ ಚಿತ್ರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚೆಂದರೆ ನೂರಮೂವತ್ತು ಬಿಂದುಗಳಷ್ಟು. ಪುಟದ ಅಗಲಕ್ಕೆ ಹಿಗ್ಗಿಸಿ ಅಚ್ಚು ಹಾಕಿದಾಗ ಮಸುಕಾಗಿ ಕಂಡರೆ ಕ್ಯಾಮೆರಾವನ್ನು ದೂರಬೇಕಿಲ್ಲ.

ಇದಕ್ಕಿಂತ ಸ್ಪಷ್ಟ ಚಿತ್ರಗಳು ಹಿಂದೆಯೇ ಬಂದಿದ್ದವು. 2008ರ ಮಾರ್ಚ್ 23ರಂದು ಅಮೆರಿಕದ ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ ನೌಕೆಯ ಹೈರೈಸ್ ಕ್ಯಾಮೆರಾ ಸುಮಾರು 6,800 ಕಿ.ಮೀ. ದೂರದಿಂದಲೇ ಒಂದು ಬಿಂದುವಿಗೆ ಏಳು ಮೀಟರಿನಷ್ಟು ಸೂಕ್ಷ್ಮವಾಗಿ ಫೋಬೋಸನ್ನು ಚಿತ್ರಿಸಿತ್ತು. ಆ ಕ್ಯಾಮೆರಾ ಒಂದರ ತೂಕವೇ 65 ಕೆ.ಜಿ. ಮಂಗಳಯಾನ ಹೊತ್ತೊಯ್ದ ಐದೂ ಉಪಕರಣಗಳು ಸೇರಿ ಸುಮಾರು 15 ಕೆ.ಜಿ. ಹೀಗಿರುವಾಗ ನಮ್ಮ ಚಿತ್ರವನ್ನು ಹೊಸ ಶೋಧ ಎಂಬಂತೆ ಬರೆಯುವುದು ಅದಕ್ಕೆ ಮಾಡುವ ಗೌರವವಲ್ಲ.

ಮಂಗಳಯಾನದ ನಿಜವಾದ ಅನುಕೂಲ ಬೇರೆಡೆ ಇತ್ತು. ಅದರ ಕಕ್ಷೆ ಬಹಳ ಉದ್ದನೆಯ ದೀರ್ಘವೃತ್ತ. ಒಂದು ತುದಿ ಮಂಗಳದ ನೆಲದಿಂದ ನಾನೂರು ಚಿಲ್ಲರೆ ಕಿ.ಮೀ., ಇನ್ನೊಂದು ತುದಿ ಸುಮಾರು 77,000 ಕಿ.ಮೀ. ಮಂಗಳದ ಇನ್ನೊಂದು ಉಪಗ್ರಹ ಡೀಮೋಸ್ ಸುತ್ತುವುದು ಸುಮಾರು 23,460 ಕಿ.ಮೀ. ದೂರದಲ್ಲಿ. ನಮ್ಮ ಚಂದ್ರನಂತೆ ಡೀಮೋಸ್ ಕೂಡ ಸದಾ ಒಂದೇ ಮುಖವನ್ನು ತನ್ನ ಗ್ರಹದತ್ತ ತೋರುತ್ತದೆ. ಆದ್ದರಿಂದ ಮಂಗಳಕ್ಕೆ ಹತ್ತಿರ ಸುತ್ತುವ ನೌಕೆಗಳಿಗೆ ಅದರ ಬೆನ್ನು ಕಾಣುವುದೇ ಇಲ್ಲ. ಮಂಗಳಯಾನ ಡೀಮೋಸಿನ ಕಕ್ಷೆಯನ್ನೂ ದಾಟಿ ಹೊರಗೆ ಹೋಗುತ್ತಿದ್ದುದರಿಂದ ಆ ಬೆನ್ನನ್ನು ನೋಡಿತು, 2014ರಲ್ಲೇ ಚಿತ್ರ ತೆಗೆಯಿತು. ಅದು ಸಣ್ಣ ಚುಕ್ಕೆಯಂಥ ಚಿತ್ರ. ಪುಟದ ಅಗಲಕ್ಕೆ ಹಿಗ್ಗಿಸಲು ಬಾರದು. ಬಹುಶಃ ಅದಕ್ಕೇ ಅದು ಯಾವ ಗೋಡೆಪತ್ರಿಕೆಯನ್ನೂ ಸೇರಲಿಲ್ಲ.

ಇನ್ನು ಬಣ್ಣ. ಚಿತ್ರದಲ್ಲಿ ಫೋಬೋಸ್ ತಿಳಿ ಕಂದು ಬೂದು ಬಣ್ಣದ, ಹೊಳೆಯುವ ವಸ್ತುವಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 7ನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಇದ್ದಿಲಿನ ಸಮೀಪದ ಕಪ್ಪು. ಸುತ್ತ ಕಡುಗಪ್ಪು ಆಕಾಶವಿದ್ದು, ಕ್ಯಾಮೆರಾ ವಸ್ತುವಿಗೆ ತಕ್ಕಷ್ಟು ಬೆಳಕು ತೆಗೆದುಕೊಂಡಾಗ ಇದ್ದಿಲೂ ಬೆಳ್ಳಗಾಗುತ್ತದೆ. ಇದರಲ್ಲಿ ಮೋಸವಿಲ್ಲ. ಬಣ್ಣ ತಿದ್ದಿದ್ದನ್ನು ಇಸ್ರೋ ಒಪ್ಪಿಕೊಂಡೇ ಇದೆ. ಆದರೆ "ಬಣ್ಣ ತಿದ್ದಲಾಗಿದೆ" ಎಂಬ ಎರಡು ಪದಗಳಿಂದ ಮಕ್ಕಳಿಗೆ ಏನು ತಿಳಿಯಬೇಕು? ನಿಜದಲ್ಲಿ ಅದು ಎಷ್ಟು ಕಪ್ಪು ಎಂದು ಒಂದು ಮಾತು ಸೇರಿಸಿದ್ದರೆ ಮುಂದೆ ಬರುವ ದೊಡ್ಡ ಪ್ರಶ್ನೆಗೆ ಅದೇ ಬಾಗಿಲಾಗುತ್ತಿತ್ತು.

ಆ ಪ್ರಶ್ನೆಗೆ ಬರುವ ಮುನ್ನ ಹೆಸರುಗಳು. ಚಿತ್ರದ ಕೆಳಗೆ ಅಚ್ಚಾದ ನಾಲ್ಕು ಹೆಸರುಗಳಲ್ಲಿ ಫೋಬೋಸಿನ ಇಡೀ ಚರಿತ್ರೆ ಇದೆ. ಇದನ್ನು ಬಿಟ್ಟು "ಆಲೂಗಡ್ಡೆ ಆಕಾರದ ಉಪಗ್ರಹ" ಎಂದಷ್ಟೇ ಬರೆದು ಮುಗಿಸಿದವರ ಬಗ್ಗೆ ನನ್ನ ತಕರಾರು. (ಆಲೂಗಡ್ಡೆ ನಮ್ಮ ನೆರೆಯ ಹಾಸನದಲ್ಲೂ ಬೆಳೆಯುತ್ತದೆ, ಅದಕ್ಕಾಗಿ ಮಂಗಳದವರೆಗೆ ಹೋಗಬೇಕಿರಲಿಲ್ಲ.)

ಸ್ಟಿಕ್ನಿ ಕಲ್ಲಿನ ಹೆಸರಲ್ಲ, ಒಬ್ಬ ಹೆಣ್ಣುಮಗಳ ಹೆಸರು. ಆ್ಯಂಜೆಲಿನ್ ಸ್ಟಿಕ್ನಿ ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಅಲ್ಲಿ ಅವಳ ವಿದ್ಯಾರ್ಥಿಯಾಗಿದ್ದ ಏಸಾಫ್ ಹಾಲ್ ಮುಂದೆ ಅವಳ ಪತಿಯಾದ, ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿ ಖಗೋಳಜ್ಞನಾದ. 1877ರ ಆಗಸ್ಟಿನಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಿದ್ದಾಗ ಹಾಲ್ 26 ಅಂಗುಲದ ದೂರದರ್ಶಕದಿಂದ ಅದರ ಸುತ್ತ ಉಪಗ್ರಹಗಳನ್ನು ಹುಡುಕುತ್ತಿದ್ದ. ಗ್ರಹದ ಪ್ರಭೆಯಲ್ಲಿ ಏನೂ ಕಾಣದೆ ಕೈಬಿಡುವುದರಲ್ಲಿದ್ದಾಗ ಮತ್ತೆ ಹುಡುಕುವಂತೆ ಹುರಿದುಂಬಿಸಿದವಳು ಆ್ಯಂಜೆಲಿನ್. ಮೊದಲು ಡೀಮೋಸ್, ಕೆಲವು ದಿನಗಳಲ್ಲೇ ಫೋಬೋಸ್ ಸಿಕ್ಕವು. ಕುಳಿಯ ವ್ಯಾಸ 9 ಕಿ.ಮೀ. ನಮ್ಮ ತ್ರಿಭುಜದಲ್ಲಾದರೆ ಕಡೂರು, ಬೀರೂರು ಎರಡನ್ನೂ ನುಂಗಿ ಇನ್ನೂ ಜಾಗ ಉಳಿಯುತ್ತದೆ. ಅಷ್ಟು ಸಣ್ಣ ಕಾಯಕ್ಕೆ ಅಷ್ಟು ದೊಡ್ಡ ಗಾಯ! ಅಪ್ಪಳಿಸಿದ ಬಂಡೆ ಇನ್ನೊಂದಿಷ್ಟು ದೊಡ್ಡದಿದ್ದಿದ್ದರೆ ಹಾಲ್ ದಂಪತಿಗೆ ಹುಡುಕಲು ಫೋಬೋಸ್ ಇರುತ್ತಿತ್ತೋ ಇಲ್ಲವೋ.

ಗ್ರಿಲ್ಡ್ರಿಗ್ ಮನುಷ್ಯನಲ್ಲ, ಕಥೆಯ ಪಾತ್ರ. ಜೊನಾಥನ್ ಸ್ವಿಫ್ಟನ ಗಲಿವರನಿಗೆ ದೈತ್ಯರ ನಾಡಿನಲ್ಲಿ ಇಟ್ಟ ಹೆಸರು ಅದು. ಸ್ವಿಫ್ಟನಿಗೆ ಮಂಗಳದ ಉಪಗ್ರಹದ ಮೇಲೆ ಏನು ಕೆಲಸ ಎನ್ನುತ್ತೀರಾ? 1726ರಲ್ಲಿ, ಹಾಲನ ಶೋಧಕ್ಕೆ ನೂರೈವತ್ತು ವರ್ಷ ಮೊದಲೇ, ತನ್ನ ಕಥೆಯಲ್ಲಿ ಅವನು ಮಂಗಳಕ್ಕೆ ಎರಡು ಉಪಗ್ರಹಗಳನ್ನು ಕೊಟ್ಟಿದ್ದ. ಒಂದು ಮಂಗಳದ ವ್ಯಾಸದ 3 ಪಟ್ಟು ದೂರದಲ್ಲಿ 10 ಗಂಟೆಗೊಮ್ಮೆ, ಇನ್ನೊಂದು 5 ಪಟ್ಟು ದೂರದಲ್ಲಿ ಇಪ್ಪತ್ತೊಂದೂವರೆ ಗಂಟೆಗೊಮ್ಮೆ ಸುತ್ತುತ್ತವೆ ಎಂದು ಬರೆದ. ಇದನ್ನು ಪವಾಡದ ಭವಿಷ್ಯವಾಣಿ ಎಂದು ಮೆರೆಸುವ ಬರಹಗಳು ಕನ್ನಡದಲ್ಲೂ ಬಂದಿವೆ. ಪವಾಡವೇನಿಲ್ಲ. ಭೂಮಿಗೆ ಒಂದು, ಗುರುವಿಗೆ ಆಗ ತಿಳಿದಿದ್ದಂತೆ ನಾಲ್ಕು. ನಡುವಿನ ಮಂಗಳಕ್ಕೆ ಎರಡಿರಬೇಕು ಎಂಬ ಊಹೆ ಕೆಪ್ಲರನ ಕಾಲದಿಂದಲೇ ಇತ್ತು. ಮೆಚ್ಚಬೇಕಾದದ್ದು ಬೇರೆ. 3ರ ಘನವನ್ನು 5ರ ಘನದಿಂದ ಭಾಗಿಸಿ; 10ರ ವರ್ಗವನ್ನು 21.5ರ ವರ್ಗದಿಂದ ಭಾಗಿಸಿ. ಎರಡೂ 0.216. ಕಥೆ ಬರೆಯುವಾಗಲೂ ಸ್ವಿಫ್ಟ್ ಕೆಪ್ಲರನ ಮೂರನೆಯ ನಿಯಮವನ್ನು ಮೀರಲಿಲ್ಲ. ನಿಜವಾದ ಫೋಬೋಸ್ ಇನ್ನೂ ಹತ್ತಿರ, ಇನ್ನೂ ಚುರುಕು: ಮಂಗಳದ ಕೇಂದ್ರದಿಂದ 9,376 ಕಿ.ಮೀ. ದೂರದಲ್ಲಿ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು. ಮಂಗಳದ ದಿನಕ್ಕಿಂತ ಅದರ ತಿಂಗಳು ಚಿಕ್ಕದು! ಹಾಗಾಗಿ ಅಲ್ಲಿ ನಿಂತವರಿಗೆ ಫೋಬೋಸ್ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ.

ಮೂರನೆಯ ಹೆಸರು ನನಗೆ ಹೆಚ್ಚು ಪ್ರಿಯವಾದದ್ದು, ಏಕೆಂದರೆ ಅದು ಒಂದು ತಪ್ಪಿನ ಸ್ಮಾರಕ. 1945ರಲ್ಲಿ ಷಾರ್ಪ್‌ಲೆಸ್ ಎಂಬ ಖಗೋಳಜ್ಞ ಹಳೆಯ ವೀಕ್ಷಣೆಗಳನ್ನು ಕೂಡಿಸಿ, ಫೋಬೋಸಿನ ವೇಗ ಹೆಚ್ಚುತ್ತಿದೆ, ಅಂದರೆ ಅದು ಮಂಗಳದತ್ತ ಇಳಿಯುತ್ತಿದೆ ಎಂದು ತೋರಿಸಿದ. 1950ರ ದಶಕದ ಕೊನೆಯಲ್ಲಿ ಸೋವಿಯತ್ ಖಗೋಳವಿಜ್ಞಾನಿ ಶ್ಕ್ಲೋವ್‌ಸ್ಕಿ ಇದಕ್ಕೆ ಕಾರಣ ಹುಡುಕಿದ. ಮಂಗಳದ ಮೇಲ್‌ವಾಯುಮಂಡಲದ ತಡೆ ಕಾರಣವಾಗಿರಬೇಕಾದರೆ ಫೋಬೋಸ್ ನಂಬಲಾರದಷ್ಟು ಹಗುರವಾಗಿರಬೇಕು. ಅಷ್ಟು ಹಗುರವಾಗಿರಬೇಕಾದರೆ ಒಳಗೆ ಪೊಳ್ಳಾಗಿರಬೇಕು. ತಾನೇ ಪೊಳ್ಳಾಗುವ ಬಂಡೆ ಇಲ್ಲ, ಆದ್ದರಿಂದ ಯಾರೋ ಕಟ್ಟಿರಬೇಕು. ಕೆಲವೇ ಸೆಂಟಿಮೀಟರ್ ದಪ್ಪದ ಲೋಹದ ಚಿಪ್ಪು! ತರ್ಕದ ಒಂದೊಂದು ಮೆಟ್ಟಿಲೂ ಸರಿ. ಅಡಿಪಾಯ ಮಾತ್ರ ಜಾರಿತ್ತು. ಷಾರ್ಪ್‌ಲೆಸ್ ಕೊಟ್ಟ ದರವೇ ವಾಸ್ತವಕ್ಕಿಂತ ಹೆಚ್ಚಾಗಿತ್ತು, ಮತ್ತು ಇಳಿಯುವಿಕೆಗೆ ಕಾರಣ ಗಾಳಿಯಲ್ಲ, ಉಬ್ಬರದ ಸೆಳೆತ.

ಇದನ್ನು ಕೊಂಚ ಬಿಡಿಸಿ ಹೇಳಬೇಕು. ನಮ್ಮ ಚಂದ್ರ ಭೂಮಿಯಲ್ಲಿ ಎಬ್ಬಿಸುವ ಉಬ್ಬು, ಭೂಮಿ ವೇಗವಾಗಿ ತಿರುಗುವುದರಿಂದ, ಚಂದ್ರನಿಗಿಂತ ಮುಂದಕ್ಕೆ ಸರಿದಿರುತ್ತದೆ. ಅದು ಚಂದ್ರನನ್ನು ಮುಂದಕ್ಕೆಳೆದು ವರ್ಷಕ್ಕೆ 3.8 ಸೆಂ.ಮೀ.ನಂತೆ ದೂರ ತಳ್ಳುತ್ತಿದೆ. ಮಂಗಳದಲ್ಲಿ ಲೆಕ್ಕ ತಿರುವುಮುರುವು. ಫೋಬೋಸ್ ಗ್ರಹಕ್ಕಿಂತ ವೇಗವಾಗಿ ಓಡುವುದರಿಂದ ಅದು ಎಬ್ಬಿಸಿದ ಉಬ್ಬು ಹಿಂದೆ ಉಳಿಯುತ್ತದೆ, ಹಿಂದಿನಿಂದ ಜಗ್ಗುತ್ತದೆ. ಫಲವಾಗಿ ಅದು ವರ್ಷಕ್ಕೆ ಸುಮಾರು 1.8 ಸೆಂ.ಮೀ. ಕೆಳಗಿಳಿಯುತ್ತಿದೆ. ಹತ್ತಿರವಾದಷ್ಟೂ ಈ ದರ ಹೆಚ್ಚುತ್ತದೆ. ಮೂರರಿಂದ ಐದು ಕೋಟಿ ವರ್ಷಗಳಲ್ಲಿ ಅದರ ಕಥೆ ಮುಗಿಯುತ್ತದೆ ಎಂದು ಅಂದಾಜು.

ಹೇಗೆ ಮುಗಿಯುತ್ತದೆ ಎಂಬುದಕ್ಕೆ ನಾಲ್ಕನೆಯ ಹೆಸರು. ಎಡ್ವರ್ಡ್ ರೋಶ್ 19ನೆಯ ಶತಮಾನದ ಫ್ರೆಂಚ್ ಗಣಿತಜ್ಞ. ಗ್ರಹಕ್ಕೆ ಎಷ್ಟು ಹತ್ತಿರ ಬಂದರೆ ಉಪಗ್ರಹ ತನ್ನ ಗುರುತ್ವದಿಂದ ತನ್ನನ್ನು ಹಿಡಿದಿಟ್ಟುಕೊಳ್ಳಲಾರದೆ ಚೂರಾಗುತ್ತದೆ ಎಂದು ಅವನು ಲೆಕ್ಕ ಹಾಕಿದ. ದ್ರವದಂತೆ ಬಿಗಿತವಿಲ್ಲದ ಕಾಯಕ್ಕೆ ಅನ್ವಯಿಸುವ ಅವನ ಸೂತ್ರದಲ್ಲಿ ಮಂಗಳ ಮತ್ತು ಫೋಬೋಸಿನ ಸಾಂದ್ರತೆಗಳನ್ನು ಹಾಕಿ ನೋಡಿ. ಮಿತಿ ಸುಮಾರು 10,600 ಕಿ.ಮೀ. ಬರುತ್ತದೆ. ಫೋಬೋಸ್ ಇರುವುದು 9,376 ಕಿ.ಮೀ.ಯಲ್ಲಿ. ಅಂದರೆ ಈಗಾಗಲೇ ಗೆರೆಯ ಒಳಗೆ! ಒಡೆಯದೆ ಉಳಿದಿರುವುದು ಒಳಗಿನ ಕಲ್ಲುಪುಡಿಗಳ ನಡುವಿನ ಅಷ್ಟಿಷ್ಟು ಅಂಟಿನಿಂದ. ಇನ್ನಷ್ಟು ಇಳಿದಾಗ ಅದು ಒಡೆದು ಮಂಗಳದ ಸುತ್ತ ಉಂಗುರವಾಗಬಹುದು ಎಂದು 2015ರಲ್ಲಿ ಬೆಂಜಮಿನ್ ಬ್ಲ್ಯಾಕ್ ಮತ್ತು ತುಷಾರ್ ಮಿತ್ತಲ್ ಲೆಕ್ಕ ಹಾಕಿ ತೋರಿಸಿದರು. ಆ ಉಂಗುರಕ್ಕೆ ಶನಿಯದಷ್ಟು ವೈಭವ ಇರಲಾರದು. ಇದ್ದಿಲ ಪುಡಿಯ ಉಂಗುರ ತಾನೆ.

ಅಂಟು ಎಷ್ಟು ದುರ್ಬಲ ಎಂದು ತಿಳಿಯಲು ಅಲ್ಲಿನ ಗುರುತ್ವವನ್ನು ನೆನೆಯಿರಿ. ಭೂಮಿಯದರ ಸುಮಾರು 1,700ನೆಯ ಒಂದು ಭಾಗ. ನಮ್ಮಲ್ಲಿ 60 ಕೆ.ಜಿ. ತೂಗುವವರನ್ನು ಅಲ್ಲಿ ತೂಗಿದರೆ 35 ಗ್ರಾಂ. ಕಡೂರಿನ ತೋಟದಲ್ಲಿ 15 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ಎರಡು ಸೆಕೆಂಡಿನೊಳಗೆ ನೆಲಕ್ಕೆ ಬೀಳುತ್ತದೆ. ಫೋಬೋಸಿನಲ್ಲಿ ಅದಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಬೇಕು. ಕೆಳಗೆ ನಿಂತವರು ಸಾವಕಾಶವಾಗಿ ಸರಿದು ನಿಲ್ಲಬಹುದು. ವಿಮೋಚನಾ ವೇಗ ಸೆಕೆಂಡಿಗೆ ಸುಮಾರು 11 ಮೀಟರ್, ಅಂದರೆ ಕ್ರಿಕೆಟ್ ಚೆಂಡನ್ನು ಜೋರಾಗಿ ಎಸೆದರೆ ಮರಳಿ ಬರುವುದಿಲ್ಲ. ತನ್ನನ್ನು ತಾನು ಗುಂಡಗೆ ಒತ್ತಿಕೊಳ್ಳುವಷ್ಟೂ ಗುರುತ್ವ ಇಲ್ಲದ್ದರಿಂದಲೇ ಅದರ ಆಕಾರ ಹಾಗೆ. ಆಲೂಗಡ್ಡೆಯ ಹೋಲಿಕೆ ಕೊಡುವವರು ಈ ಕಾರಣವನ್ನೂ ಕೊಟ್ಟರೆ ನನ್ನ ಆಕ್ಷೇಪವಿಲ್ಲ.

ಈಗ ಅಡಿಬರಹದ ಎರಡು ವಾಕ್ಯಗಳಿಗೆ ಬರೋಣ. ಒಂದರ ಪ್ರಕಾರ ಫೋಬೋಸ್ ಅನುಭವಿಸಿದ ಹಿಂಸೆಯ ಕಾಲಘಟ್ಟವು ಸ್ಟಿಕ್ನಿ ಕುಳಿಯಲ್ಲಿಯೂ ಪುಟಿದು ಬಿದ್ದ ಸಿಡಿತುಣುಕುಗಳಲ್ಲಿಯೂ ಕಾಣುತ್ತದೆ. ಕುಳಿ ಕಾಣುತ್ತದೆ, ಒಪ್ಪಿದೆ. ಪುಟಿದ ತುಣುಕುಗಳು? ಫೋಬೋಸಿನ ಮೈಮೇಲೆ ಉದ್ದುದ್ದ ಗೀರುಗಳಿವೆ. ಸ್ಟಿಕ್ನಿ ಉಂಟಾದಾಗ ಚಿಮ್ಮಿದ ಬಂಡೆಗಳು ಪುಟಿಯುತ್ತ, ಉರುಳುತ್ತ ಇವನ್ನು ಕೊರೆದವು ಎಂಬುದು ಒಂದು ವಾದ; ಉಬ್ಬರದ ಸೆಳೆತಕ್ಕೆ ಮೈ ಬಿರಿಯುತ್ತಿದೆ ಎಂಬುದು ಇನ್ನೊಂದು. ಆ ಗೀರುಗಳಲ್ಲಿ ಬಹಳಷ್ಟರ ಅಗಲ ನೂರಿನ್ನೂರು ಮೀಟರ್. ಚಿತ್ರದ ಒಂದು ಬಿಂದು 210 ಮೀಟರ್. ಹಾಗಾದರೆ ಪುಟಿದದ್ದು "ಕಾಣುತ್ತದೆ" ಎಂಬ ಕ್ರಿಯಾಪದ ಚಿತ್ರ ತೋರುವುದಕ್ಕಿಂತ ಹೆಚ್ಚು ಹೇಳಿತು. ಕಂಡದ್ದು ಬೇರೆ, ಕಂಡದ್ದರಿಂದ ಊಹಿಸಿದ್ದು ಬೇರೆ. ವಿಜ್ಞಾನದ ಬರಹದಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದಗಳು ಬೇಕು.

ಎರಡನೆಯ ವಾಕ್ಯ, ಫೋಬೋಸ್ ಬಹುಮಟ್ಟಿಗೆ ಕಾರ್ಬನ್‌ಯುಕ್ತ ಕಾಂಡ್ರೈಟ್ ಶಿಲೆಗಳಿಂದಾದದ್ದು ಎಂದು ನಂಬಲಾಗಿದೆ ಎಂಬುದು. "ನಂಬಲಾಗಿದೆ" ಎಂಬ ಎಚ್ಚರದ ಪದ ಮೂಲದಲ್ಲಿ ಇತ್ತು. ಕನ್ನಡಕ್ಕೆ ಬರುವಾಗ ಅದು ಕೆಲವು ಕಡೆ "ಆಗಿದೆ" ಆಯಿತು; ಅದರ ಬೆನ್ನಿಗೆ "ಮಂಗಳ ಸೆರೆಹಿಡಿದ ಕ್ಷುದ್ರಗ್ರಹ" ಎಂಬ ತೀರ್ಪೂ ಸೇರಿಕೊಂಡಿತು. ಇಲ್ಲಿ ಪಣಕ್ಕಿರುವುದು ಸಣ್ಣದಲ್ಲ. ಫೋಬೋಸ್ ಹೊರಗಿನಿಂದ ಬಂದ ಅತಿಥಿಯೋ, ಮಂಗಳದ ಸ್ವಂತ ಮಗುವೋ? ಇದು ಇಂದಿಗೂ ಇತ್ಯರ್ಥವಾಗದ ವ್ಯಾಜ್ಯ.

ಅತಿಥಿ ಎನ್ನುವವರ ಸಾಕ್ಷ್ಯ ಆ ಕಪ್ಪು ಬಣ್ಣವೇ. ಸೂರ್ಯನಿಂದ ದೂರದ ಕಾರ್ಬನ್‌ಯುಕ್ತ ಕ್ಷುದ್ರಗ್ರಹಗಳ ರೋಹಿತಕ್ಕೂ ಇದರ ರೋಹಿತಕ್ಕೂ ಹೋಲಿಕೆಯಿದೆ. ಸಾಂದ್ರತೆಯೂ ಕಡಿಮೆ. 2010ರ ಮಾರ್ಚಿನಲ್ಲಿ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ಕೇವಲ 67 ಕಿ.ಮೀ. ಸಮೀಪದಲ್ಲಿ ಹಾದುಹೋದಾಗ ಸಿಕ್ಕ ಅಳತೆಗಳ ಪ್ರಕಾರ ಘನ ಸೆಂಟಿಮೀಟರಿಗೆ ಸುಮಾರು 1.86 ಗ್ರಾಂ. ಸಾಮಾನ್ಯ ಬಂಡೆಗಿಂತ ಬಹಳ ಹಗುರ. ಒಳಗೆ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೂ ಟೊಳ್ಳು ಸಂದುಗಳಿರಬಹುದು. ಶ್ಕ್ಲೋವ್‌ಸ್ಕಿ ಅಷ್ಟರಮಟ್ಟಿಗೆ ಗೆದ್ದ ಎನ್ನಿ!

ಮಗು ಎನ್ನುವವರು ಕಕ್ಷೆಯನ್ನು ತೋರಿಸುತ್ತಾರೆ. ಹಾದಿಹೋಕನನ್ನು ಹಿಡಿದರೆ ಅವನ ಕಕ್ಷೆ ಉದ್ದುದ್ದವಾಗಿ, ಓರೆಯಾಗಿ ಇರುವ ಸಂಭವವೇ ಹೆಚ್ಚು. ಫೋಬೋಸಿನ ಕಕ್ಷೆ ಬಹುತೇಕ ವೃತ್ತ, ಮಂಗಳದ ಸಮಭಾಜಕಕ್ಕೆ ಒಂದೇ ಡಿಗ್ರಿಯಷ್ಟು ಓರೆ. ಡೀಮೋಸಿನದ್ದೂ ಹೆಚ್ಚು ಕಡಿಮೆ ಹಾಗೆಯೇ. ಇಬ್ಬರು ಅಪರಿಚಿತರು ಒಂದೇ ಸಾಲಿನಲ್ಲಿ ಬಂದು ಕೂರುವುದು ಹೇಗೆ? ಮಂಗಳಕ್ಕೆ ಒಂದು ದೊಡ್ಡ ಕಾಯ ಬಡಿದು ಎದ್ದ ಅವಶೇಷಗಳಿಂದ ಇವು ಕೂಡಿಕೊಂಡವು ಎಂದರೆ ಕಕ್ಷೆಯ ಒಗಟು ಬಿಡುತ್ತದೆ. 2011ರಲ್ಲಿ ಪ್ರಕಟವಾದ ಅವಕೆಂಪು ರೋಹಿತದ ವಿಶ್ಲೇಷಣೆಯಲ್ಲಿ ಜೇಡಿಖನಿಜಗಳ ಸುಳಿವು ಸಿಕ್ಕಿದ್ದು ಈ ಪಕ್ಷಕ್ಕೆ ಬಲ ಕೊಟ್ಟಿತು. 2021ರಲ್ಲಿ ಇನ್ನೊಂದು ತಂಡ, ಎರಡೂ ಉಪಗ್ರಹಗಳು ಒಂದೇ ದೊಡ್ಡ ಉಪಗ್ರಹ ಒಡೆದು ಆದ ತುಂಡುಗಳಿರಬಹುದು ಎಂದಿತು. 2023ರ ಮಾರ್ಚಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನ ಹೋಪ್ ನೌಕೆ ಡೀಮೋಸಿನ ನೂರು ಕಿ.ಮೀ. ಸಮೀಪ ಹಾದು ತಂದ ರೋಹಿತಗಳು ಕ್ಷುದ್ರಗ್ರಹಕ್ಕಿಂತ ಮಂಗಳದ ಬಸಾಲ್ಟ್ ಶಿಲೆಯನ್ನೇ ಹೆಚ್ಚು ಹೋಲುತ್ತವೆ ಎಂದು ಆ ತಂಡ ವರದಿ ಮಾಡಿತು.

ತೀರ್ಪು ಬರಬೇಕಾದರೆ ಮಣ್ಣು ಕೈಗೆ ಬರಬೇಕು. ರಷ್ಯಾದ ಫೋಬೋಸ್-ಗ್ರುಂಟ್ ಅದಕ್ಕೆಂದೇ 2011ರ ನವೆಂಬರಿನಲ್ಲಿ ಹೊರಟು ಭೂಮಿಯ ಕಕ್ಷೆಯಿಂದಲೇ ಹೊರಬೀಳಲಾಗದೆ 2012ರ ಜನವರಿಯಲ್ಲಿ ಕಡಲಿಗೆ ಬಿತ್ತು. ಜಪಾನಿನ ಎಂಎಂಎಕ್ಸ್ ಯೋಜನೆಯ ಗುರಿ ಫೋಬೋಸಿನಿಂದ ಕನಿಷ್ಠ 10 ಗ್ರಾಂ ಮಣ್ಣು ತರುವುದು. ತರೀಕೆರೆಯ ಒಂದೆರಡು ಅಡಿಕೆಯ ತೂಕ. 2024ರಲ್ಲಿ ನಡೆಯಬೇಕಿದ್ದ ಅದರ ಉಡಾವಣೆಯನ್ನು ಹೊಸ ರಾಕೆಟ್ಟಿನ ತೊಡಕುಗಳಿಂದಾಗಿ 2026ಕ್ಕೆ ಮುಂದೂಡಲಾಯಿತು.

ಮಂಗಳಯಾನದೊಂದಿಗೆ 2022ರ ಏಪ್ರಿಲಿನಲ್ಲಿ ಸಂಪರ್ಕ ಕಡಿಯಿತು; ಅದನ್ನು ಮರಳಿ ಪಡೆಯಲಾಗದು ಎಂದು ಅದೇ ವರ್ಷ ಅಕ್ಟೋಬರಿನಲ್ಲಿ ಇಸ್ರೋ ಹೇಳಿತು. ಆ ಕ್ಯಾಮೆರಾ ಇನ್ನು ಹೊಸ ಚಿತ್ರ ಕಳಿಸುವುದಿಲ್ಲ. ಹಳೆಯ ಚಿತ್ರಕ್ಕೆ ಹೊಸ ಅಡಿಬರಹ ಬರೆಯಲು ಅಡ್ಡಿಯಿಲ್ಲವಲ್ಲ. ಆ ಶಾಲೆಯ ಗೋಡೆಪತ್ರಿಕೆಗೆಂದು ಬರೆದುಕೊಟ್ಟದ್ದು ಇದು:

"ಮಂಗಳದ ಉಪಗ್ರಹ ಫೋಬೋಸ್. ಉದ್ದ 27 ಕಿ.ಮೀ., ಕಡೂರಿನಿಂದ ತರೀಕೆರೆಯಷ್ಟು. 2020ರ ಜುಲೈ 1ರಂದು ಮಂಗಳಯಾನ 4,200 ಕಿ.ಮೀ. ದೂರದಿಂದ ತೆಗೆದ ಆರು ಚಿತ್ರಗಳ ಜೋಡಣೆ. ಬಣ್ಣ ತಿದ್ದಿದೆ, ನಿಜದಲ್ಲಿ ಇದ್ದಿಲಿನಂತೆ ಕಪ್ಪು. 210 ಮೀಟರಿಗಿಂತ ಸಣ್ಣವು ಇದರಲ್ಲಿ ಕಾಣುವುದಿಲ್ಲ. ದೊಡ್ಡ ಕುಳಿಗೆ ಆ್ಯಂಜೆಲಿನ್ ಸ್ಟಿಕ್ನಿಯ ಹೆಸರು. ಫೋಬೋಸನ್ನು ಕಂಡ ಏಸಾಫ್ ಹಾಲ್ ಹುಡುಕಾಟ ಬಿಡದಂತೆ ನೋಡಿಕೊಂಡ ಗಣಿತಜ್ಞೆ ಅವಳು. ವರ್ಷಕ್ಕೆ 1.8 ಸೆಂ.ಮೀ. ಕೆಳಗಿಳಿಯುತ್ತಿದೆ. ಎಲ್ಲಿಂದ ಬಂತು ಎಂಬುದು ಇನ್ನೂ ಗೊತ್ತಾಗಿಲ್ಲ."